ಮೂರನೇ ಸೀಸೆಯ ಸಂಬಂಧ

ಕೆಲಸವಿಲ್ಲದವರು ನೊಣ ಹೊಡೆಯುತ್ತಾರೆ ಎನ್ನುವುದು ಲೋಕದ ಮಾತು. ಅಡುಗೆ ಅಕ್ಕ ಮಾತ್ರ ನೊಣಗಳಿಗೆ ಬೇಯಿಸಿ ಹಾಕುವುದನ್ನೇ ಕೆಲಸ ಮಾಡಿಕೊಂಡಿದ್ದಳು. ಬಸ್ಸಿನಲ್ಲಿ ಪಕ್ಕ ಕೂತವರು ಎಲ್ಲಿ ಕೆಲಸ ಎಂದು ಕೇಳಿದರೆ "ವಿಶ್ವವಿದ್ಯಾಲಯದಲ್ಲಿ, ಅಡುಗೆ" ಎನ್ನುವಳು. "ದಿನಾ ಎಷ್ಟು ಜನ ಊಟಕ್ಕೆ?" ಎಂದರೆ "ಒಂದು ನಲವತ್ತು ಸಾವಿರ" ಎಂದು ಹೇಳಿ ಕಿಟಕಿಯ ಕಡೆ ತಿರುಗಿಕೊಳ್ಳುವಳು. ಕೇಳಿದವರು ತೆರೆದ ಬಾಯಿಯನ್ನು ಮುಂದಿನ ನಿಲ್ದಾಣದವರೆಗೂ ಮುಚ್ಚುತ್ತಿರಲಿಲ್ಲ.

ಜೀವವಿಜ್ಞಾನ ವಿಭಾಗದ ನೆಲಮಹಡಿಯಲ್ಲಿ, ಮೆಟ್ಟಿಲ ಕೆಳಗಿನ ಉದ್ದನೆಯ ಕೋಣೆಯೇ ನೊಣಗಳ ಅಡುಗೆಮನೆ. ಒಂದು ದೊಡ್ಡ ಒಲೆ, ಎರಡು ಹಂಡೆ, ಮರದ ಉದ್ದ ಸೌಟು, ತೂಕದ ಯಂತ್ರ, ಗೋಡೆಯುದ್ದಕ್ಕೂ ಮೊಳೆಗೆ ನೇತುಹಾಕಿದ ಆಲಿಕೆಗಳು. ಹಿಟ್ಟು, ಸಕ್ಕರೆ, ಯೀಸ್ಟು, ಗಟ್ಟಿಯಾಗಲು ಕಡಲಪಾಚಿಯ ಪುಡಿ, ಬೂಜು ಹಿಡಿಯದಂತೆ ಒಂದು ಚಮಚ ಔಷಧ. ಇಷ್ಟನ್ನು ಕುದಿಸಿ, ಸೀಸೆಗಳ ತಳಕ್ಕೆ ಎರಡು ಬೆರಳು ಎತ್ತರ ಸುರಿದು, ಆರಿದ ಮೇಲೆ ಹತ್ತಿಯ ಬಿರಡೆ ಇಟ್ಟರೆ ಊಟ ತಯಾರು. ನೊಣಗಳೆಂದರೆ ಮನೆಯ ಎಂಜಲಿನ ಮೇಲೆ ಕೂರುವ ದಪ್ಪ ನೊಣಗಳಲ್ಲ. ಮಾಗಿದ ಬಾಳೆಹಣ್ಣಿನ ಸುತ್ತ ಹಾರುತ್ತವಲ್ಲ, ಎಳ್ಳಿನಷ್ಟೇ ಗಾತ್ರದ ಕೆಂಪು ಕಣ್ಣಿನವು, ಅವು. ಅಕ್ಕ ಪ್ರತಿ ಹಂಡೆಯಿಂದಲೂ ಸೌಟಿನ ತುದಿಯಲ್ಲಿ ಒಂದು ತೊಟ್ಟು ತೆಗೆದು ರುಚಿ ನೋಡುತ್ತಿದ್ದಳು. ಬೇಡ ಎಂದು ಗೋಡೆಯ ಮೇಲೆ ಬರೆದು ಅಂಟಿಸಿದ್ದರು. "ನಾನು ಬಾಯಿಗೆ ಹಾಕದ್ದನ್ನ ಇನ್ನೊಬ್ರಿಗೆ ಬಡಿಸಲ್ಲ" ಎನ್ನುವುದು ಅವಳ ವಾದ. ಅಲ್ಲಿಗೆ ಆ ಚೀಟಿ ಗೋಡೆಯ ಬಣ್ಣದಲ್ಲಿ ಬಣ್ಣವಾಗಿ ಹೋಯಿತು.

ಕೋಣೆಯ ಕೊನೆಯ ಕಪಾಟು ಮಾತ್ರ ಬೇರೆಯೇ ಲೆಕ್ಕ. ಅದು ಪ್ರೊಫೆಸರ್ ಮೇಡಂ ಅವರ ಜೀವ. ಏಳು ವರ್ಷದ ಹಿಂದೆ ಅವರು ಒಂದೇ ಜಾಡಿಯ ನೊಣಗಳನ್ನು ಎಂಟು ಸೀಸೆಗೆ ಹಂಚಿದ್ದರು. ಮೇಲಿನ ಹಲಗೆಯ ನಾಲ್ಕು ಸೀಸೆಗೆ ಬರೀ ಹಿಟ್ಟಿನ ಊಟ; ಕೆಳಗಿನ ಹಲಗೆಯ ನಾಲ್ಕಕ್ಕೆ ಸಕ್ಕರೆಯ ಊಟ. ಎರಡು ವಾರಕ್ಕೊಮ್ಮೆ ಹೊಸ ತಲೆಮಾರು, ಹೊಸ ಸೀಸೆ. ಹಿಟ್ಟಿನವರು ಹಿಟ್ಟಿನಲ್ಲೇ, ಸಕ್ಕರೆಯವರು ಸಕ್ಕರೆಯಲ್ಲೇ. ಒಂದು ಸೀಸೆಯ ನೊಣ ಇನ್ನೊಂದಕ್ಕೆ ಎಂದೂ ಹೋಗಬಾರದು.

"ಯಾಕೆ ಮೇಡಂ ಈ ಮಡಿ?" ಎಂದು ಅಕ್ಕ ಮೊದಲ ದಿನವೇ ಕೇಳಿದ್ದಳು.

ಮೇಡಂಗೆ ಪಾಠ ಹೇಳಲು ಇಂಥ ಒಂದು ಪ್ರಶ್ನೆ ಸಾಕು. ಹಂಡೆಯ ಪಕ್ಕದ ಸ್ಟೂಲಿನ ಮೇಲೆ ಕೂತೇ ಬಿಟ್ಟರು. "ನೋಡಿ ಅಕ್ಕಾ, ಒಂದು ಪ್ರಾಣಿ ಇದೆ ಅಂದ್ಕೊಳ್ಳಿ. ನಡುವೆ ಒಂದು ಹೊಳೆ ದಾರಿ ಬದಲಾಯಿಸಿ ಹರೀತು. ಅರ್ಧ ಪ್ರಾಣಿಗಳು ಆಚೆ ಉಳಿದ್ವು, ಅರ್ಧ ಈಚೆ. ಆಚೆ ಸಿಗೋ ಆಹಾರ ಬೇರೆ, ಈಚೆ ಬೇರೆ. ಯಾವಕ್ಕೆ ಅಲ್ಲಿನದು ಒಗ್ಗುತ್ತೋ ಅವು ಹೆಚ್ಚು ಮರಿ ಹಾಕ್ತವೆ, ಒಗ್ಗದೇ ಇದ್ದವು ಕಮ್ಮಿ. ತಲೆಮಾರು ಆದ ಮೇಲೆ ತಲೆಮಾರು ಹೀಗೇ. ಎಷ್ಟೋ ಸಾವಿರ ವರ್ಷ ಆದ್ಮೇಲೆ ಎರಡೂ ಎದುರು ಬಂದ್ರೆ ಒಂದಕ್ಕೆ ಇನ್ನೊಂದರ ಗುರುತೇ ಸಿಗಲ್ಲ. ಸಂಬಂಧ ಬೆಳೆಸಲ್ಲ. ಅಲ್ಲಿಗೆ ಒಂದು ಪ್ರಭೇದ ಹೋಗಿ ಎರಡು ಆಯ್ತು. ಅದರ ಮೊದಲನೇ ಬಿರುಕನ್ನಾದ್ರೂ ನಾನು ಕಣ್ಣಾರೆ ನೋಡ್ಬೇಕು."

"ಅಷ್ಟು ವರ್ಷ ಯಾರು ಇರ್ತಾರೆ ಮೇಡಂ?"

"ಅದಕ್ಕೇ ನೊಣ. ವರ್ಷಕ್ಕೆ ಇಪ್ಪತ್ತೈದು ತಲೆಮಾರು. ನಮ್ಮ ಲೆಕ್ಕದಲ್ಲಿ ಐನೂರು ವರ್ಷ."

ಹೊಳೆ, ಆಚೆ ದಡ, ಈಚೆ ದಡ ಎಂದದ್ದು ಅಕ್ಕನ ಮನಸ್ಸಿಗೆ ಸೀದಾ ನಾಟಿತು. ಏಕೆಂದರೆ ಅವಳು ಹೊಳೆಯಾಚೆಯಿಂದ ಮದುವೆಯಾಗಿ ಬಂದವಳು. ಸೇತುವೆ ದಾಟಿದರೆ ಹದಿನೈದು ನಿಮಿಷದ ದಾರಿ. ಆದರೆ ಅವಳ ಅತ್ತೆಯ ಕಣ್ಣಿಗೆ ಅದು ಏಳು ಸಮುದ್ರದಾಚೆಯ ದೇಶ. ಅನ್ನಕ್ಕೆ ಉಪ್ಪು ಹೆಚ್ಚಾದರೆ "ಆಚೆ ದಡದವರ ಕೈ", ಬಾಗಿಲು ಜೋರಾಗಿ ಹಾಕಿದರೆ "ಆಚೆ ದಡದವರ ಅಭ್ಯಾಸ". ಎಲ್ಲಕ್ಕಿಂತ ದೊಡ್ಡ ತಕರಾರು ಟೀ ಬಗ್ಗೆ. ಈಚೆಯವರದು ಹಾಲು ಸುರಿದು ಸಕ್ಕರೆ ಸುರಿದು ಮಾಡುವ ಬೆಳ್ಳನೆ ಟೀ. ಆಚೆಯವರು ಪುಡಿಯನ್ನು ಚೆನ್ನಾಗಿ ಕುದಿಸಿ, ಹಾಲನ್ನು ಹೆಸರಿಗಷ್ಟೇ ತೋರಿಸುತ್ತಾರೆ. ಅತ್ತೆ ಲೋಟದೊಳಗೆ ಬಗ್ಗಿ ನೋಡಿ, "ಇದು ಕುಡಿಯೋದಾ, ಪೆನ್ನಿಗೆ ತುಂಬೋದಾ?" ಎನ್ನುವರು. ಇಪ್ಪತ್ತೆಂಟು ವರ್ಷ ಇದೇ ಮಾತು. ಅಕ್ಕ ನಗುತ್ತಿದ್ದಳು. ಆದರೆ ನಕ್ಕದ್ದೆಲ್ಲ ನಗುವಲ್ಲ. ಒಳಗೊಂದು ಮುಳ್ಳು ಇದ್ದೇ ಇತ್ತು. ಅರ್ಧ ಆಯಸ್ಸು ಈ ಮನೆಯ ನೆಲ ಒರೆಸಿದ ಮೇಲೂ ತಾನು ನೆಂಟಳೇ?

ಈಗ ಏಳು ವರ್ಷ ತುಂಬಿ, ಪರೀಕ್ಷೆಯ ವಾರ ಬಂದಿತ್ತು. ಹಿಟ್ಟಿನ ನೊಣಗಳನ್ನೂ ಸಕ್ಕರೆಯ ನೊಣಗಳನ್ನೂ ಒಂದೇ ಗಾಜಿನ ಡಬ್ಬಿಗೆ ಬಿಟ್ಟು, ಯಾರು ಯಾರ ಜೊತೆ ಜೋಡಿಯಾಗುತ್ತಾರೆ ನೋಡುವುದು. ಸಿಕ್ಕಸಿಕ್ಕವರ ಜೊತೆ ಬೆರೆತರೆ ಏಳು ವರ್ಷ ನೀರಲ್ಲಿ ಹೋಮ. ತಮ್ಮವರನ್ನೇ ಹುಡುಕಿಕೊಂಡರೆ ಬಿರುಕು ಬಿಟ್ಟಿತು ಎಂದರ್ಥ. ಬಾಯಲ್ಲಿರುವ ಊಟದ ವಾಸನೆಗೆ ಮರುಳಾಗಿ ಜೋಡಿ ಕಟ್ಟಬಾರದಲ್ಲ, ಅದಕ್ಕೆ ಹಿಂದಿನ ಒಂದು ತಲೆಮಾರಿಗೆ ಎಲ್ಲ ಎಂಟು ಸೀಸೆಗೂ ಅಕ್ಕ ಒಂದೇ ಹಂಡೆಯಿಂದ ಸಾಮಾನ್ಯ ಊಟ ಹಾಕಿದ್ದಳು. ಹಿಂದಿನ ದಿನ ಮಾತ್ರ ಒಂದು ಪಂಗಡಕ್ಕೆ ಕೆಂಪು ಬಣ್ಣದ ಊಟ, ಇನ್ನೊಂದಕ್ಕೆ ನೀಲಿ. ತಿಂದ ಬಣ್ಣ ಹೊಟ್ಟೆಯಲ್ಲಿ ಹೊಳೆಯುತ್ತದೆ, ಭೂತಗನ್ನಡಿಯಲ್ಲಿ ಯಾರು ಯಾವ ಕಡೆಯವರೆಂದು ತಿಳಿಯುತ್ತದೆ. ಯಾರಿಗೆ ಯಾವ ಬಣ್ಣ ಎನ್ನುವುದನ್ನು ಸ್ಟೋರ್ ಕೀಪರ್ ದಿನವೂ ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದ. ಇಪ್ಪತ್ತು ವರ್ಷ ಸ್ಟೋರಿನಲ್ಲಿ ಪೊರಕೆ, ಬಲ್ಬು ಹಂಚಿದವನಿಗೆ ಇದು ಮೊದಲ ವೈಜ್ಞಾನಿಕ ಜವಾಬ್ದಾರಿ. ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ.

ಕಣ್ಣು ಚುರುಕು ಎಂದು ಜೋಡಿಗಳನ್ನು ನೋಡಿ ಕೂಗುವ ಕೆಲಸ ಅಕ್ಕನಿಗೇ ಬಂತು. ಸೋಮವಾರ ಹಿಟ್ಟಿನ ಮೊದಲನೇ ಸೀಸೆ, ಸಕ್ಕರೆಯ ಮೊದಲನೆಯದರ ಜೊತೆ. ಗಂಡು ನೊಣ ಹೆಣ್ಣಿನ ಪಕ್ಕ ನಿಂತು, ಒಂದೇ ರೆಕ್ಕೆ ಚಾಚಿ, ಅದನ್ನು ನಡುಗಿಸುತ್ತ ಸುತ್ತು ಹಾಕುತ್ತದೆ. ಹೆಣ್ಣಿಗೆ ಒಪ್ಪಿಗೆಯಾಗದಿದ್ದರೆ ಮೂತಿ ತಿರುಗಿಸಿ ನಡೆದುಬಿಡುತ್ತದೆ. "ಕೆಂಪು ಕೆಂಪು," ಅಕ್ಕ ಕೂಗಿದಳು. "ನೀಲಿ ನೀಲಿ. ಇಲ್ಲೊಂದು ನೀಲಿ ಗಂಡು ಕೆಂಪಿನವಳ ಹಿಂದೆ ಬಿದ್ದಿದೆ ಮೇಡಂ... ಅವಳು ಸೊಪ್ಪು ಹಾಕ್ತಿಲ್ಲ... ಹೋದ್ಲು." ನಲವತ್ತು ಜೋಡಿಗಳಲ್ಲಿ ಮೂವತ್ತೆರಡು ತಮ್ಮತಮ್ಮವರಲ್ಲೇ, ಎಂಟು ಮಾತ್ರ ಬೆರಕೆ. ಮಂಗಳವಾರ ಎರಡನೇ ಸೀಸೆ, ಹೆಚ್ಚುಕಮ್ಮಿ ಅದೇ. ಮೇಡಂ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಸ್ಟೋರ್ ಕೀಪರ್ ತನ್ನ ನಾಣ್ಯದ ಕೈಗುಣ ಎಂದು ಇಡೀ ಮಹಡಿಗೆ ಹೇಳಿಕೊಂಡು ಬಂದ.

ಎಲ್ಲರ ಮುಖ ಅರಳಿತ್ತು. ಅಕ್ಕ ಮಾತ್ರ ತೊಳೆದ ಆಲಿಕೆಗಳನ್ನೇ ಮೊಳೆಯಿಂದ ತೆಗೆದು ಮತ್ತೆ ತೊಳೆಯುತ್ತಿದ್ದಳು. ನಾಳೆ ಬುಧವಾರ, ಮೂರನೇ ಸೀಸೆ. ಆ ಸೀಸೆಯ ವಿಷಯ ಅವಳಿಗೊಬ್ಬಳಿಗೇ ಗೊತ್ತಿತ್ತು.

ನಾಲ್ಕು ವರ್ಷದ ಹಿಂದಿನ ಮಾತು. ಒಂದು ಬೆಳಗ್ಗೆ ಹಿಟ್ಟಿನ ಹಂಡೆ ಕುದಿಯುತ್ತಿದ್ದಾಗ ಮನೆಯಿಂದ ಫೋನು: ಅತ್ತೆ ಸ್ಟೂಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಾರೆ. ಅಕ್ಕ ಗಡಿಬಿಡಿಯಲ್ಲಿ ಬೂಜಿನ ಔಷಧ ಹಾಕುವುದನ್ನೇ ಮರೆತು, ಆ ಹಂಡೆಯಿಂದ ಮೂರನೇ ಸೀಸೆಯನ್ನಷ್ಟೇ ತುಂಬಿ, ಹಿಟ್ಟಿನ ನೊಣಗಳನ್ನು ಅದಕ್ಕೆ ದಾಟಿಸಿ ಓಡಿದಳು. ಹಳೆಯ ಸೀಸೆಯನ್ನು ತೊಳೆಯಲು ಹಾಕಿದ್ದೂ ಆಯಿತು. ನಾಲ್ಕು ದಿನ ಆಸ್ಪತ್ರೆ ಓಡಾಟ ಮುಗಿಸಿ ಬಂದು ನೋಡಿದರೆ ಸೀಸೆಯ ತುಂಬ ಹತ್ತಿಯಂತೆ ಬಿಳಿ ಬೂಜು. ಒಳಗೆ ಒಂದು ನೊಣವೂ ಜೀವಂತ ಇರಲಿಲ್ಲ. ಮೇಡಂ ಸಮ್ಮೇಳನಕ್ಕೆಂದು ದೂರ ದೇಶಕ್ಕೆ ಹೋಗಿದ್ದರು.

ಮೇಲಿನ ಹಲಗೆಯ ಉಳಿದ ಮೂರು ಸೀಸೆಯಲ್ಲಿ ನೊಣಗಳೇ ಕಡಿಮೆ. ಹಿಟ್ಟು ತಿಂದು ಬದುಕುವುದು ಆಗಿನ್ನೂ ಅವಕ್ಕೆ ಕಷ್ಟವಾಗಿತ್ತು. ಅದರಲ್ಲೂ ತೆಗೆದರೆ ಅವೂ ಹೋದಾವು. ಕೆಳಗೆ ಸಕ್ಕರೆಯ ಎರಡನೇ ಸೀಸೆ ಮಾತ್ರ ಸಂಜೆಯ ಬಸ್ಸಿನಂತೆ ತುಂಬಿ ತುಳುಕುತ್ತಿತ್ತು. ಅಕ್ಕ ಯೋಚಿಸಿದಳು: ಎಲ್ಲ ಒಂದೇ ತಾಯಿಯ ಮಕ್ಕಳು, ಮೊನ್ನೆ ಮೊನ್ನೆ ಬೇರೆಯಾದವರು. ಹೆಪ್ಪು ಕೆಟ್ಟರೆ ಪಕ್ಕದ ಮನೆಯಿಂದ ಒಂದು ಚಮಚ ತರುವುದಿಲ್ಲವೇ? ಸಕ್ಕರೆಯ ಸೀಸೆಯಿಂದ ಮೂವತ್ತನಾಲ್ಕು ನೊಣ ಎತ್ತಿ, ಹೊಸ ಹಿಟ್ಟಿನ ಸೀಸೆಗೆ ಬಿಟ್ಟು, "ಹಿಟ್ಟು, ೩" ಎಂದು ಚೀಟಿ ಅಂಟಿಸಿದಳು. ಮೊದಲ ತಿಂಗಳು ಅವು ಉಳಿದದ್ದೇ ಹೆಚ್ಚು. ಅಕ್ಕ ದಿನಕ್ಕೆ ನಾಲ್ಕು ಸಲ ಬಗ್ಗಿ ನೋಡುವಳು. ಆಮೇಲೆ ಹೇಗೋ ಚೇತರಿಸಿಕೊಂಡವು. ಮೇಡಂ ಬಂದಾಗ ಹೇಳೋಣವೆಂದುಕೊಂಡಳು, ನಾಳೆ ಹೇಳೋಣವೆಂದುಕೊಂಡಳು, ನಾಳೆಗಳು ಸೇರಿ ನಾಲ್ಕು ವರ್ಷವಾಯಿತು. ದಿನದ ಹಂಡೆಯ ಲೆಕ್ಕ ಬರೆಯುವ ತನ್ನ ಅಡುಗೆ ಪುಸ್ತಕದಲ್ಲಿ ಮಾತ್ರ, ಆ ದಿನದ ಪುಟದ ಮೂಲೆಯಲ್ಲಿ, ಪೆನ್ಸಿಲ್ಲಿನಲ್ಲಿ ಸಣ್ಣಗೆ ಬರೆದಿಟ್ಟಿದ್ದಳು. ಜನರಿಗೆ ಹೇಳದಿದ್ದರೂ ಪುಸ್ತಕಕ್ಕೆ ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ.

ಹಾಗಾಗಿ ನಾಳೆ ಡಬ್ಬಿಯೊಳಗೆ ಹೋಗುವ ಮೂರನೇ ಸೀಸೆಯವು ಚೀಟಿಯಲ್ಲಿ ಹಿಟ್ಟಿನವು, ರಕ್ತದಲ್ಲಿ ಸಕ್ಕರೆಯವು. ಸಕ್ಕರೆಯ ನೊಣ ಕಂಡ ಕೂಡಲೇ ತವರಿನವರನ್ನು ಕಂಡಂತೆ ಓಡಿ ಬೆರೆತರೆ? ನಾಲ್ಕರಲ್ಲಿ ಒಂದು ಸೀಸೆ ತಿರುಗಿಬಿದ್ದರೆ ಮೇಡಂ ಅವರ ಮಾತನ್ನು ಯಾರು ನಂಬುತ್ತಾರೆ?

ಮಂಗಳವಾರ ಸಂಜೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಬಟಾಣಿ ಸುಲಿಯಲು ಕೂತಿದ್ದರು. ಅಕ್ಕ ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕುತ್ತಿದ್ದಳು. ಅತ್ತೆ ಸ್ವಲ್ಪ ಹೊತ್ತು ನೋಡಿದರು.

"ಏನಾಯ್ತೇ ನಿಂಗೆ? ಕುಂಬಳಕಾಯಿ ಕಳ್ಳಿ ಹಾಗೆ ಹೆಗಲು ಮುಟ್ಟಿ ಮುಟ್ಟಿ ನೋಡ್ಕೊಳ್ತಿದ್ದೀಯ."

ಅಷ್ಟು ಸಾಕಾಯಿತು. ಅಕ್ಕ ಎಲ್ಲವನ್ನೂ ಹೇಳಿದಳು. ಬೂಜು, ಮೂವತ್ತನಾಲ್ಕು ನೊಣ, ಚೀಟಿ, ನಾಳೆಯ ಪರೀಕ್ಷೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಕೆಲಸ ಹೋಗುವ ಭಯಕ್ಕಿಂತಲೂ, ತನ್ನನ್ನು "ಅಕ್ಕಾ" ಎಂದು ಕರೆದು ಕಪಾಟಿನ ಬೀಗದ ಕೈ ಕೊಟ್ಟ ಹೆಂಗಸಿಗೆ ಹೀಗೆ ಮಾಡಿದೆನಲ್ಲ ಎನ್ನುವುದು ಅವಳನ್ನು ಸುಡುತ್ತಿತ್ತು.

ಅತ್ತೆ ಯೋಚಿಸಿ ಕೇಳಿದ ಮೊದಲ ಪ್ರಶ್ನೆ: "ಅಂದ್ರೆ, ನಾನು ಕೈ ಮುರ್ಕೊಂಡಿದ್ದಕ್ಕೆ ನಿನ್ನ ನೊಣ ಸತ್ವಾ?"

"ನಿಮ್ದೇನು ತಪ್ಪು ಅತ್ತೆ, ಮರ್ತಿದ್ದು ನಾನು."

"ಮತ್ತೆ? ನಾನು ಆವತ್ತು ಸ್ಟೂಲು ಹತ್ತಿದ್ದೇ ನಿನ್ನ ಕರಿ ಟೀ ಕುಡಿಯೋಕಾಗದೆ ಹಾಲಿನ ಪಾತ್ರೆ ಇಳಿಸೋಕೆ." ಸ್ವಲ್ಪ ಹೊತ್ತು ಬಟಾಣಿ ಸುಲಿದರು. "ಉಪ್ಪು ತಿಂದವರು ನೀರು ಕುಡೀಲೇಬೇಕು. ನಾಳೆ ಬೆಳಗ್ಗೆ ಹೋದ ಕೂಡ್ಲೇ ಹೇಳಿಬಿಡು. ನೊಣ ಹೇಳೋದಕ್ಕಿಂತ ಮುಂಚೆ ನೀನು ಹೇಳು."

"ಕಳಿಸಿಬಿಟ್ರೆ?"

"ಕಳಿಸಿದ್ರೆ ಮನೆಗೆ ಬಾ. ಮನೆ ಏನು ಓಡಿಹೋಗುತ್ತಾ? ಆಚೆ ದಡದವರಿಗೆ ಇಷ್ಟಕ್ಕೆಲ್ಲ ಅಳು."

ಬುಧವಾರ ಬೆಳಗ್ಗೆ ಅಕ್ಕ ಏಪ್ರನ್ ಕೂಡ ಕಟ್ಟಲಿಲ್ಲ. ಅಡುಗೆ ಪುಸ್ತಕವನ್ನು ಎದೆಗವಚಿಕೊಂಡು ಮೇಡಂ ಕೋಣೆಗೆ ಹೋಗಿ, ಪೆನ್ಸಿಲ್ಲಿನ ಪುಟ ತೆಗೆದು ಮೇಜಿನ ಮೇಲಿಟ್ಟು, ಅತ್ತೆ ಹೇಳಿದ ಮಾತನ್ನೂ ಸೇರಿಸಿ, ನಿಂತುಕೊಂಡೇ ಹೇಳಿ ಮುಗಿಸಿದಳು.

ಮೇಡಂ ಮುಖ ಮೊದಲು ಬೆಳ್ಳಗಾಯಿತು, ಆಮೇಲೆ ಕೆಂಪಗಾಯಿತು. "ನಾಲ್ಕು ವರ್ಷ!" ಎಂದರು. "ನಾಲ್ಕು ವರ್ಷ ನನ್ನ ಮುಖ ನೋಡ್ಕೊಂಡು ಓಡಾಡಿದ್ರಲ್ಲ ಅಕ್ಕಾ. ಸೀಸೆ ಸತ್ತರೆ ಸತ್ತಿತು ಅಂತ ಬರ್ಕೊಂಡು ಮೂರರಲ್ಲೇ ಮುಂದುವರಿಸ್ತಿದ್ದೆ. ಅದು ದೊಡ್ಡ ವಿಷಯ ಅಲ್ಲ. ಹೇಳದೇ ಇದ್ದಿದ್ದು ದೊಡ್ಡದು. ಇದು ಅಡುಗೆ ಅಲ್ಲ, ಉಪ್ಪು ಕಮ್ಮಿ ಆದ್ರೆ ಆಮೇಲೆ ಬೆರೆಸೋಕೆ!" ಅಕ್ಕ ತಲೆ ತಗ್ಗಿಸಿದಳು. ಇಷ್ಟು ಗಟ್ಟಿ ದನಿ ಆ ಬಾಯಿಂದ ಅವಳು ಕೇಳಿರಲಿಲ್ಲ. ಮೇಡಂ ಎದ್ದು ಹೊರಗೆ ಹೋದರು. ಕಾರಿಡಾರಿನಲ್ಲಿ ಅವರ ಚಪ್ಪಲಿ ಸದ್ದು ಆ ತುದಿಗೆ ಹೋಯಿತು, ಬಂತು, ಮತ್ತೆ ಹೋಯಿತು.

ಅರ್ಧ ಗಂಟೆಯ ಮೇಲೆ ಒಳಗೆ ಬಂದು, ಪುಸ್ತಕದ ಮುಂದೆ ಕೂತು ಪುಟ ತಿರುಗಿಸತೊಡಗಿದರು. ಒಂದೊಂದು ದಿನ, ಒಂದೊಂದು ಹಂಡೆ, ತೂಕ, ಯಾವ ಸೀಸೆಗೆ ಎಷ್ಟು, ಎಷ್ಟು ನೊಣ ದಾಟಿದವು. ಏಳು ವರ್ಷ, ಒಂದು ಹಂಡೆಯೂ ತಪ್ಪಿರಲಿಲ್ಲ. ಕೊನೆಯ ಪುಟಗಳಲ್ಲಿ ಅತ್ತೆಯ ಮಾತ್ರೆಗಳ ಪಟ್ಟಿಯೂ ಇತ್ತು.

"ಇದು ಇಲ್ಲೇ ಒಲೆ ಪಕ್ಕದಲ್ಲಿ ಇತ್ತಾ?"

"ಮೊಳೆಗೆ ತೂಗುಹಾಕಿರ್ತಿದ್ದೆ ಮೇಡಂ."

"ನಾನು ಒಂದು ದಿನವೂ ತೆಗೆದು ನೋಡಲಿಲ್ಲ," ಎಂದರು ಮೇಡಂ, ತಮಗೇ ಹೇಳಿಕೊಂಡಂತೆ. ಅನಂತರ ಬೆರಳು ಮಡಿಸಿ ಲೆಕ್ಕ ಹಾಕಿದರು. "ಯಾವ ತಾರೀಕು ಅಂತ ಪಕ್ಕಾ ಇದೆ. ಯಾವ ಸೀಸೆಯಿಂದ ಅಂತಲೂ ಇದೆ. ನಾಲ್ಕು ವರ್ಷ ಅಂದ್ರೆ ನೂರು ತಲೆಮಾರು. ಸಕ್ಕರೆಯಲ್ಲಿ ಹುಟ್ಟಿ, ನೂರು ತಲೆಮಾರು ಹಿಟ್ಟಿನ ಮನೆಯಲ್ಲಿ ಬಾಳಿದ ನೊಣಗಳು." ತಟ್ಟನೆ ತಲೆಯೆತ್ತಿದರು. ಕೋಪ ಇನ್ನೂ ಮುಖದಲ್ಲೇ ಇತ್ತು, ಆದರೆ ಕಣ್ಣು ಬೇರೇನನ್ನೋ ನೋಡತೊಡಗಿತ್ತು. "ಅಕ್ಕಾ, ಈಗ ಅವು ಯಾರ ಕಡೆ?"

"ನಂಗೇನು ಗೊತ್ತು ಮೇಡಂ?"

"ನನಗೂ ಗೊತ್ತಿಲ್ಲ. ಅದೇ ಮಜಾ. ನಡೀರಿ, ನಾಣ್ಯದವರನ್ನ ಕರೀರಿ."

ಡಬ್ಬಿಗೆ ಕೆಂಪು ಊಟ ತಿಂದ ಮೂರನೇ ಸೀಸೆಯವನ್ನೂ ನೀಲಿ ತಿಂದ ಸಕ್ಕರೆಯವನ್ನೂ ಬಿಟ್ಟರು. ಅಕ್ಕ ತಾನು ಕೂಗುವುದಿಲ್ಲ, ತಪ್ಪು ಮಾಡಿದವಳ ಕಣ್ಣು ಬೇಡ ಎಂದಳು. "ನೀವೂ ಕೂಗಿ, ನಾನೂ ಇನ್ನೊಂದು ಗಾಜಿನಲ್ಲಿ ನೋಡ್ತೀನಿ. ಇಬ್ಬರದ್ದೂ ಸೇರಿದ್ರೆ ಮಾತ್ರ ಬರೆಯೋದು," ಎಂದರು ಮೇಡಂ. ಬರೆಯುವ ಕೆಲಸ ಸ್ಟೋರ್ ಕೀಪರನಿಗೆ ಬಂತು. ಅವನು ಪೆನ್ನಿನ ಮುಚ್ಚಳ ತೆಗೆದು, ಉಸಿರು ಬಿಗಿಹಿಡಿದು ಕೂತ.

ಮೊದಲ ಜೋಡಿಯೇ ನೀಲಿ ಕೆಂಪು. ಆಯಿತು, ತವರಿಗೆ ಓಡಿದವು ಎಂದುಕೊಂಡಳು ಅಕ್ಕ. ಆದರೂ "ನೀಲಿ ಕೆಂಪು" ಎಂದೇ ಕೂಗಿದಳು. ಆಮೇಲೆ "ಕೆಂಪು ಕೆಂಪು". "ನೀಲಿ ನೀಲಿ". ಮತ್ತೆ "ನೀಲಿ ನೀಲಿ". ಒಂದು ಸಕ್ಕರೆಯ ಗಂಡು ಮೂರನೇ ಸೀಸೆಯ ಹೆಣ್ಣಿನ ಸುತ್ತ ರೆಕ್ಕೆ ನಡುಗಿಸುತ್ತ ನಾಲ್ಕು ಸುತ್ತು ಹಾಕಿತು. ಆಕೆ ಕಾಲಿನಿಂದ ತಲೆ ಒರೆಸಿಕೊಂಡು, ಅತ್ತ ನಡೆದು, ತನ್ನವನೊಬ್ಬನ ಪಕ್ಕ ಹೋಗಿ ನಿಂತಳು. "ಕೆಂಪು ಕೆಂಪು," ಅಕ್ಕ ಈಗ ಜೋರಾಗಿ ಕೂಗಿದಳು. ಮುಕ್ಕಾಲು ಗಂಟೆಯಲ್ಲಿ ಮೂವತ್ತೊಂಬತ್ತು ಜೋಡಿ. ಮೂವತ್ತು ಅವರವರಲ್ಲೇ. ಒಂಬತ್ತು ಮಾತ್ರ ಬೆರಕೆ.

ಮೇಡಂ ಕೂಡಲೇ ಮೂರನೇ ಸೀಸೆಯ ಉಳಿದ ನೊಣಗಳನ್ನು ಇನ್ನೊಂದು ಡಬ್ಬಿಗೆ ಹಾಕಿ, ಈ ಸಲ ಭಾನುವಾರದಿಂದ ನೀಲಿ ಊಟದಲ್ಲೇ ಉಳಿದಿದ್ದ ಹಿಟ್ಟಿನ ಒಂದನೇ ಸೀಸೆಯವನ್ನು ಜೊತೆಗೆ ಬಿಟ್ಟರು. ಒಂದಕ್ಕೊಂದು ರಕ್ತಸಂಬಂಧವೇ ದೂರವಾದವು, ಇದುವರೆಗೆ ಮುಖ ಕಾಣದವು. ಅಲ್ಲಿ ಭೇದವೇ ಇರಲಿಲ್ಲ. ಕೆಂಪು ನೀಲಿ, ನೀಲಿ ಕೆಂಪು, ಕೆಂಪು ಕೆಂಪು, ಎಲ್ಲ ಕಲಸುಮೇಲೋಗರ. ಎಣಿಸಿದರೆ ಅರ್ಧಕ್ಕರ್ಧ ಬೆರಕೆ. ಸ್ಟೋರ್ ಕೀಪರ್ ಬರೆಯಲಾಗದೆ, "ಸ್ವಲ್ಪ ನಿಧಾನ ಅಕ್ಕಾ, ಇದೇನು ಸಾಮೂಹಿಕ ಮದುವೆನಾ?" ಎಂದ.

ಮೇಡಂ ನಗತೊಡಗಿದರು. ನಗುತ್ತಲೇ ಅಕ್ಕನ ಎರಡೂ ಕೈ ಹಿಡಿದುಕೊಂಡರು. "ನೋಡಿದ್ರಾ? ಎಲ್ಲಿಂದ ಬಂದ್ವು ಅನ್ನೋದಲ್ಲ, ಎಲ್ಲಿ ಬಾಳಿದ್ವು ಅನ್ನೋದು. ಹಿಟ್ಟು ತಿಂದು ಬದುಕೋದನ್ನ ಕಲೀತಾ ಕಲೀತಾ, ಅವು ಹಿಟ್ಟಿನವೇ ಆಗಿಬಿಟ್ಟಿವೆ. ಇದನ್ನ ನಾನು ಯೋಚನೆ ಮಾಡಿ ಮಾಡಬೇಕಾಗಿತ್ತು, ಮಾಡಲಿಲ್ಲ. ನೀವು ಯೋಚನೆ ಮಾಡದೆ ಮಾಡಿದ್ರಿ." ಆಮೇಲೆ ಕೈ ಬಿಟ್ಟು, ಮುಖ ಬಿಗಿದು, ಬೆರಳೆತ್ತಿದರು. "ಆದ್ರೆ ಇದು ಸಾಲದು. ಒಂದೇ ಸೀಸೆ, ಅದೂ ತಪ್ಪಿನಿಂದ ಆದದ್ದು. ಎರಡು ಪ್ರಭೇದ ಆಗೋಕೆ ಇನ್ನೂ ಬಹಳ ದೂರ ಇದೆ, ಇದು ಬರೀ ಬಿರುಕು. ಈಗ ಬೇಕಂತಲೇ ಮಾಡ್ಬೇಕು. ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ. ಹನ್ನೆರಡು ಹೊಸ ಸೀಸೆ. ಇನ್ನೊಂದು ನಾಲ್ಕು ವರ್ಷ. ಇನ್ನೊಂದು ಸಲ ನನ್ನಿಂದ ಏನಾದ್ರೂ ಮುಚ್ಚಿಟ್ರೆ ನಿಮ್ಮನ್ನೇ ಸೀಸೆಗೆ ಹಾಕ್ತೀನಿ."

ಅಕ್ಕ ಅಳುತ್ತಲೂ ನಗುತ್ತಲೂ ಏಪ್ರನ್ ಕಟ್ಟಿಕೊಂಡಳು. ಮೂರನೇ ಸೀಸೆಯ ಚೀಟಿಯನ್ನು ಕಿತ್ತು, ಮೇಡಂ ಹೇಳಿದಂತೆ ಹೊಸದು ಬರೆದು ಅಂಟಿಸಿದಳು: "ಸಕ್ಕರೆಯಿಂದ ಬಂದು ಹಿಟ್ಟಿನಲ್ಲಿ ನೂರು ತಲೆಮಾರು. ಹೇಳದೆ ಹಾಕಿದ್ದು: ಅಡುಗೆಯವಳು." ಗುರುವಾರ ನಾಲ್ಕನೇ ಸೀಸೆಯೂ ಮೊದಲ ಎರಡರ ಹಾದಿಯನ್ನೇ ಹಿಡಿಯಿತು. ಆ ದಿನದ ನಾಣ್ಯವನ್ನು ಚೌಕಟ್ಟು ಹಾಕಿಸಬೇಕೆಂದು ಸ್ಟೋರ್ ಕೀಪರ್ ಅರ್ಜಿ ಬರೆದ.

ಭಾನುವಾರ ಮಧ್ಯಾಹ್ನ ಮೇಡಂ ಅಕ್ಕನ ಮನೆಗೇ ಬಂದರು. ಕೈಯಲ್ಲಿ ದಪ್ಪ ರಟ್ಟಿನ ಹೊಸ ಪುಸ್ತಕ. "ಇದು ಇನ್ಮೇಲೆ ಮೊಳೆಗಲ್ಲ, ನನ್ನ ಮೇಜಿನ ಮೇಲೆ," ಎಂದು ಕೊಟ್ಟರು. ಆಮೇಲೆ, "ನೊಣ ಹೇಳೋದಕ್ಕಿಂತ ಮುಂಚೆ ಹೇಳು ಅಂದವರನ್ನ ನೋಡ್ಬೇಕಿತ್ತು," ಎಂದರು. ಅತ್ತೆ ಒಳ್ಳೆಯ ಸೀರೆ ಉಟ್ಟುಕೊಂಡು, ಮುರಿದು ಕೂಡಿದ ಕೈ ಕಾಣುವಂತೆ ಕುರ್ಚಿಯಲ್ಲಿ ಕೂತಿದ್ದರು. ಈ ಸಂಶೋಧನೆ ಶುರುವಾದದ್ದೇ ಆ ಕೈಯಿಂದ ಎಂದು ಬೀದಿಗೆಲ್ಲ ಆಗಲೇ ಹೇಳಿ ಮುಗಿಸಿದ್ದರು.

ಅಕ್ಕ ಒಳಗೆ ಹೋಗಿ ಟೀ ಮಾಡಿದಳು. ಬಂದವರು ದೊಡ್ಡವರು, ಯಾವ ಟೀ ಮಾಡಲಿ ಎಂದು ಒಂದು ಗಳಿಗೆ ಹಾಲಿನ ಪಾತ್ರೆ ಹಿಡಿದು ನಿಂತಳು. ಕೈ ತನ್ನಷ್ಟಕ್ಕೆ ತಾನೇ ಪುಡಿಯನ್ನು ಕುದಿಯಲು ಹಾಕಿತು. ಅತ್ತೆ ಕೈ ಮುರಿದುಕೊಂಡು ಅಡುಗೆಯೆಲ್ಲ ಅವಳ ಪಾಲಿಗೆ ಬಂದ ನಾಲ್ಕು ವರ್ಷದಿಂದ ಈ ಮನೆಯ ಒಲೆಯ ಮೇಲೆ ಬೇರೆ ಟೀ ಕುದಿದೇ ಇರಲಿಲ್ಲ. ಅತ್ತೆ ಬೈದುಕೊಂಡೇ ದಿನಕ್ಕೆ ಮೂರು ಲೋಟ ಕುಡಿಯುತ್ತಿದ್ದರು. ತಟ್ಟೆ ಹಿಡಿದು ಹೊರಗೆ ಬರುವಾಗ ಅವಳಿಗೆ ಮೈಯೆಲ್ಲ ಕಿವಿ. ಈಗ ಬರುತ್ತದೆ, ಪೆನ್ನಿನ ಮಾತು, ಅದೂ ಮೇಡಂ ಎದುರಿಗೆ.

ಮೇಡಂ ಒಂದು ಗುಟುಕು ಕುಡಿದು ಹುಬ್ಬೇರಿಸಿದರು. "ಒಳ್ಳೇ ಖಡಕ್ಕಾಗಿದೆ! ಅಕ್ಕ ಹೊಳೆಯಾಚೆಯವರಲ್ವಾ, ಇದು ಆ ಕಡೆ ಟೀನಾ ಅಮ್ಮಾ?"

ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತರು. ಯಾರೋ ಅವರ ಹೊಸ್ತಿಲ ಮೇಲೆ ಕಾಲಿಟ್ಟು ಜಗಳ ತೆಗೆದಂತಿತ್ತು ಅವರ ಮುಖ.

"ಆಚೆಯದೂ ಅಲ್ಲ, ಈಚೆಯದೂ ಅಲ್ಲ," ಎಂದರು. "ಇದು ನಮ್ಮನೆ ಟೀ. ನಮ್ಮನೇಲಿ ಹೀಗೇ ಮಾಡೋದು." ಲೋಟವನ್ನು ಖಾಲಿ ಮಾಡಿ ಸೊಸೆಯ ಕಡೆ ಚಾಚಿದರು. "ಇನ್ನರ್ಧ ಹಾಕು. ಹಾಲು ಜಾಸ್ತಿ ಸುರೀಬೇಡ ಮತ್ತೆ, ಕೆಟ್ಟುಹೋಗುತ್ತೆ."

ಅಕ್ಕ ಲೋಟ ಇಸಿದುಕೊಂಡು ಬೇಗ ಬೇಗ ಒಳಗೆ ಹೋದಳು. ಟೀ ಬಗ್ಗಿಸುವಾಗ ಕಣ್ಣು ಮಂಜಾಗಿ, ಅರ್ಧ ಲೋಟ ಎಂದದ್ದು ಪೂರ್ತಿ ತುಂಬಿ, ಒಲೆಯ ಕಟ್ಟೆಯ ಮೇಲೂ ಚೆಲ್ಲಿತು. ಅತ್ತೆ ಅದನ್ನೂ ಪೂರ್ತಿ ಕುಡಿದರು.